ಬಲಗಡೆಯ ಸೀಟು

ಫಳ್ನೀರಿನಲ್ಲಿ ಹೆಂಡತಿ ಕೆಲಸ ಮಾಡುವ ಕ್ಲಿನಿಕ್ಕಿನ ಎದುರು ಕಾರು ನಿಲ್ಲಿಸಬಾರದು ಎಂದು ಗೊತ್ತಿದ್ದೂ ಅರಾಫತ್ ಅಲ್ಲೇ, ಮೆಡಿಕಲ್ ಶಾಪಿನ ಬಾಯಿಗೆ ಅಡ್ಡವಾಗಿ, ಅರ್ಧ ಕಾರನ್ನು ರಸ್ತೆಯಲ್ಲೂ ಇನ್ನರ್ಧವನ್ನು ಚರಂಡಿಯ ಚಪ್ಪಡಿಯ ಮೇಲೂ ಇಟ್ಟು, ಯಾರಾದರೂ ಬಂದು ಬೈಯಲಿ ಎಂದು ಕಾಯುವವನ ಹಾಗೆ ಕೂತಿದ್ದ. ಯಾರೂ ಬೈಯಲಿಲ್ಲ. ಮೆಡಿಕಲ್ ಶಾಪಿನವನು ಗಾಜಿನ ಹಿಂದಿನಿಂದ ಕೈ ಎತ್ತಿ ನಕ್ಕ. ಅವನಿಗೂ ಗೊತ್ತು, ಇದು ಬಶೀರ್ ಹಾಜಿಯವರ ಕಾರು, ಒಳಗಿರುವುದು ಅವರ ಅಳಿಯ, ಪೈಲಟು, ಸದ್ಯಕ್ಕೆ ವಿಮಾನವಿಲ್ಲದವನು. ಜುಮಾ ನಮಾಜು ಮುಗಿಸಿ ನೇರ ಬಂದಿದ್ದರಿಂದ ಟೊಪ್ಪಿ ಇನ್ನೂ ಕಿಸೆಯಲ್ಲೇ ಇದ್ದು ಬೆವರಿಗೆ ತೊಡೆಗಂಟಿತ್ತು. ಕಾರಿನಲ್ಲಿ ಬಲಗಡೆ ಕೂತವನು ಯಜಮಾನ, ವಿಮಾನದಲ್ಲಿ ಬಲಗಡೆ ಕೂತವನು ಅಳಿಯ ಎಂದು ಅವನಿಗೆ ಹೊಳೆಯಿತು. ಹೊಳೆದದ್ದನ್ನು ಯಾರಿಗಾದರೂ ಹೇಳಿ ನಗಿಸಬೇಕೆಂಬ ಹಳೆಯ ತುರಿಕೆ ನಾಲಗೆಯ ತುದಿಗೆ ಬಂದು, ಕೇಳುವವರಿಲ್ಲದೆ ಅಲ್ಲೇ ಒಣಗಿತು. ಮೊದಲಾದರೆ ಇಂಥವನ್ನು ಅವನು ಕೂಡಿಡುತ್ತಿದ್ದ, ಕಾಕ್‌ಪಿಟ್ಟಿನಲ್ಲಿ ಎತ್ತರಕ್ಕೆ ಹೋದ ಮೇಲೆ ಕ್ಯಾಪ್ಟನರ ಮೂಡು ನೋಡಿ ಒಂದೊಂದಾಗಿ ಬಿಡಲು. ಈಗ ಕೂಡಿಟ್ಟರೂ ಹುಳಿ ಬರುತ್ತವೆ.

ಸಂಜೆಯೊಳಗೆ ಎರಡು ಕಂಪನಿಗಳಿಗೆ ಉತ್ತರ ಹೇಳಬೇಕಿತ್ತು; ಒಂದಕ್ಕೆ ಹೌದು ಎಂದು, ಇನ್ನೊಂದಕ್ಕೆ ಕ್ಷಮಿಸಿ ಎಂದು. ಸೌಪರ್ಣಿಕಾ ಏರ್ ಹೊಸತು, ಮಂಗಳೂರೇ ಅದರ ನೆಲೆ; ರೆಕ್ಕೆಗೆ ಫ್ಯಾನಿರುವ ಚಿಕ್ಕ ವಿಮಾನದಲ್ಲಿ ಕಣ್ಣೂರು, ಕೋಝಿಕ್ಕೋಡು ಎಂದು ಸುತ್ತಿ ರಾತ್ರಿಯ ಊಟಕ್ಕೆ ಮನೆ. ಬರಾಕ್ ಏರ್ ಇರುವುದು ಗುವಾಹಟಿಯಲ್ಲಿ. ಅದೇ ಜಾತಿಯ ವಿಮಾನ, ಅಸ್ಸಾಮಿನ ಬಯಲಿನ ಊರುಗಳು. ಅವನ ಜೊತೆ ಹಳೆಯ ಕಂಪನಿಯಲ್ಲಿದ್ದ ಫ್ಲೋಯ್ಡ್ ಈಗ ಅಲ್ಲಿ ಪೈಲಟುಗಳ ಡ್ಯೂಟಿ ನೋಡಿಕೊಳ್ಳುತ್ತಾನೆ. ಯಾರನ್ನು ಕೇಳಿದರೂ ಸೌಪರ್ಣಿಕಾ ಎನ್ನುತ್ತಿದ್ದರು, ಕೇಳದವರೂ ಅನ್ನುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು, ಗೊತ್ತಾಗುವ ಹಾಗೆ ಅವನು ಹೇಳದೇ ಉಳಿದದ್ದು ಒಂದೇ. ಈ ಕರಾವಳಿಯ ರನ್‌ವೇಗಳು ಗುಡ್ಡದ ನೆತ್ತಿ ಸವರಿ ಮಾಡಿದವು, ತುದಿ ದಾಟಿದರೆ ಕೆಳಗೆ ಕಣಿವೆ. ಅಂಥ ಕಡೆ ಕ್ಯಾಪ್ಟನೇ ಇಳಿಸಬೇಕು. ಬಲಗಡೆಯ ಸೀಟಿನವನು, ಅಂದರೆ ಅವನಂಥ ಸಹ-ಪೈಲಟು, ಎತ್ತರ ಓದಿ ಹೇಳಬಹುದು, ಹೇಳಿದಾಗ ಚಕ್ರ ಬಿಡಬಹುದು, ರೇಡಿಯೋದಲ್ಲಿ ಮಾತಾಡಬಹುದು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ಹಳೆಯ ಕಂಪನಿಯಲ್ಲಾದರೆ ಬೆಂಗಳೂರು, ಹೈದರಾಬಾದು ಎಂದು ನಡುನಡುವೆ ಅವನ ಕೈಗೂ ನೆಲ ಸಿಗುತ್ತಿತ್ತು. ಸೌಪರ್ಣಿಕಾದಲ್ಲಿ ಹೋಗುವ ಕಡೆಯೂ ಗುಡ್ಡ, ಬರುವ ಕಡೆಯೂ ಗುಡ್ಡ. ನಿಯಮ ತಪ್ಪೆಂದು ಅವನು ಹೇಳಲಾರ. ಈ ಊರಿನಲ್ಲಿ ವಿಮಾನ ಬಿದ್ದ ಆ ಗುಡ್ಡದ ಬಗ್ಗೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. ತಪ್ಪು ನಿಯಮವಾಗಿದ್ದರೆ ಜಗಳವಾಡಬಹುದಿತ್ತು. ಸರಿಯಾದ ನಿಯಮದ ಕೆಳಗೆ ಕೈಕಟ್ಟಿ ಕೂರುವುದು ಬೇರೆಯೇ ಥರದ ದಣಿವು. ನಾವು ಸಹ-ಪೈಲಟ್ ಅಲ್ಲ, ಸಹನ-ಪೈಲಟ್ ಎಂದು ಫ್ಲೋಯ್ಡನನ್ನು ಒಮ್ಮೆ ನಗಿಸಿದ್ದ. ಫ್ಲೋಯ್ಡ್ ನಕ್ಕು, ಗುವಾಹಟಿಗೆ ಹೋಗಿಬಿಟ್ಟಿದ್ದ.

ಬಾಗಿಲು ತೆಗೆದು ಶಹನಾಝ್ ಒಳಗೆ ಕೂತಳು. ಅವಳ ಕೈಯಲ್ಲಿ ಯಾವಾಗಲೂ ಇರುವ ವಾಸನೆ, ಯಾರದೋ ಮೊಣಕಾಲಿಗೆ ತಿಕ್ಕಿದ ಮುಲಾಮಿನದು. ಅವಳು ಫಿಸಿಯೋಥೆರಪಿಸ್ಟ್, ಬಿದ್ದವರನ್ನು ನಡೆಸುವ ಕೆಲಸ.

"ಎಸಿ ಹಾಕ್ಲಿಲ್ವಾ?"

"ಮಾವನ ಪೆಟ್ರೋಲ್."

"ಮಾವನ ಮಗಳಿಗೆ ಸೆಕೆ ಆಗ್ತಾ ಉಂಟು." ಅವಳೇ ಗುಂಡಿ ಒತ್ತಿದಳು. "ಇವತ್ತು ಆ ಬಂದರಿನ ಅಜ್ಜ ಕೋಲು ಬಿಟ್ಟು ನಡೆದ್ರು ಗೊತ್ತುಂಟಾ? ಬಾಗಿಲಿನವರೆಗೆ ಹೋಗಿ ತಿರುಗಿ, ನನಗೆ ಸಲಾಂ ಹೇಳಿ, ಪುನಃ ವಾಪಸ್ ನಡ್ಕೊಂಡು ಬಂದ್ರು. ಡಾಕ್ಟರ್ ಮೇಡಂ ಹೇಳಿದ್ರು, ಕ್ಲಿನಿಕ್ಕಿನ ಮೇಲಿನ ಮಾಳಿಗೆ ರೆಡಿ ಆದ ಮೇಲೆ ಅದು ಪೂರ್ತಿ ನಾನೇ ನೋಡ್ಕೊಳ್ಬೇಕಂತೆ."

"ಹೌದಾ," ಎಂದ ಅರಾಫತ್. ಕಾರು ನಂತೂರಿನ ಸರ್ಕಲ್ಲಿಗೆ ಬಂದಾಗ ಒಂದು ಬಸ್ಸು ಅಡ್ಡ ನಿಂತು ಹಾರ್ನಿನ ಕಛೇರಿ ನಡೆದಿತ್ತು. ಅವನು ಬಸ್ಸಿನ ಹಿಂದಿನ ಗಾಜು ನೋಡುತ್ತಿದ್ದ. ನೋಡುತ್ತಿದ್ದ ಹಾಗೆ ಅದು ಹಳೆಯ ಕಂಪನಿಯ ವಿಮಾನದ ಎದುರಿನ ಗಾಜಾಗಿ, ಆಚೆ ಬಿಳಿ ಗೆರೆ ಎಳೆದ ಹಸುರು ಗುಡ್ಡ ನಿಧಾನ ಮೇಲೆದ್ದು ಬರುತ್ತಿತ್ತು. ಎಡಗಡೆಯ ಕ್ಯಾಪ್ಟನರ ಕೈ ಮಾತ್ರ ಆಡುತ್ತಿತ್ತು, ರೊಟ್ಟಿ ತಟ್ಟುವವರ ಕೈಯ ಹಾಗೆ ಸಲೀಸಾಗಿ. ಅವನು ಎತ್ತರಗಳನ್ನು ಓದುತ್ತಿದ್ದ. ಆ ದಿನ ಮೊದಲ ಸಾಲಿನಲ್ಲಿ ಅತ್ತೆ ಝುಬೈದಾ ಇದ್ದರು, ತಂಗಿಯ ಮನೆಯಿಂದ ವಾಪಸ್ ಬರುತ್ತಾ. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲವಂತೆ. ಜನ ಇಳಿಯುವಾಗ ಅವನು ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತಿದ್ದ. ಅತ್ತೆ ಪಕ್ಕದ ಹೆಂಗಸಿಗೆ ಹೇಳುವುದು ಕೇಳಿಸಿತು: ಇಳಿಸಿದ್ದು ನಮ್ಮ ಅಳಿಯ, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ. ಕ್ಯಾಪ್ಟನರು ಹಿಂದಿನಿಂದ ಅವನ ಬೆನ್ನಿಗೊಂದು ತಟ್ಟಿ, ಇಟ್ಟುಕೋ ಮಾರಾಯ, ನನಗೆ ಬೇರೆ ಉಂಟು, ಎಂದು ಪಿಸುಗುಟ್ಟಿದ್ದರು. ಬೆನ್ನು ತಟ್ಟಿದ ಆ ಜಾಗ ಈಗಲೂ ಒಮ್ಮೊಮ್ಮೆ ಬಿಸಿಯಾಗುತ್ತದೆ.

"ಕೇಳಿತಾ? ಎಂತ ನಿರ್ಧಾರ ಮಾಡಿದ್ದಿ?"

ಅವನು ಗಂಟಲು ಸರಿಮಾಡಿ ಬಶೀರ್ ಹಾಜಿಯವರ ದನಿ ತೆಗೆದ. ಎರಡು ಮಾತಿನ ನಡುವೆ ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆಯುವುದನ್ನೂ ಬಿಡಲಿಲ್ಲ. "ವಿಮಾನವೇ ಮನೆ ಬಾಗಿಲಿಗೆ ಬರುವಾಗ ಗುವಾಹಟಿಗೆ ಹೋಗ್ಲಿಕ್ಕೆ, ಸ್ಸ್, ನಿನಗೆಂತ ಅಲ್ಲಿ ಚಾ ತೋಟ ಉಂಟಾ ಮೋನೆ?"

ಶಹನಾಝ್ ನಕ್ಕಳು. "ಅದು ನನ್ನ ಉಪ್ಪ."

"ಇಲ್ಲಿ ಬಯಲು ಮಾರಾಯ, ಎಮ್ಮೆ ಕೂಡ ಲ್ಯಾಂಡ್ ಮಾಡ್ಬಹುದು. ಕ್ಯಾಪ್ಟನ್ ಕೈ ಕಟ್ಟಿ ಕೂರ್ತಾನೆ, ನೀನು ಇಳಿಸು."

"ಅದು ಫ್ಲೋಯ್ಡ್." ಈ ಸಲ ನಗಲಿಲ್ಲ. "ನೀನು ಎಂತ ಹೇಳ್ತಿ?"

ಬಸ್ಸು ಜರುಗಿತು. ಅವನು ಗೇರು ಹಾಕಿದ. ಮಾವನ ಮನೆಯಿರುವ ಶಕ್ತಿನಗರದ ಏರಿನವರೆಗೂ ಅವನ ಬಾಯಲ್ಲಿ ಅನೇಕರು ಬಂದು ಹೋದರು, ಅವನು ಬರಲಿಲ್ಲ. ಶಹನಾಝ್ ಕಿಟಕಿಯ ಕಡೆ ತಿರುಗಿ, "ನನಗೆ ಗುವಾಹಟಿ ಮ್ಯಾಪಿನಲ್ಲಿ ಎಲ್ಲಿ ಉಂಟು ಅಂತ ಕೂಡ ಸರಿ ಗೊತ್ತಿಲ್ಲ," ಎಂದಳು. ಅದು ಮಾತಿಗೆ ಹೇಳಿದ್ದು ಎಂದುಕೊಂಡು ಅವನು ಏರಿಗೆ ಗೇರು ಇಳಿಸಿದ.

ಹೆಂಡತಿಯ ಮನೆಯಲ್ಲಿ ಅಳಿಯ ಎಂದರೆ ಅಳಿಯದ ನೆಂಟ. ಮದುವೆಯಾಗಿ ಎಷ್ಟು ವರ್ಷವಾದರೂ ಅವನಿಗೊಂದು ಕೋಣೆ, ಕೋಣೆಯಲ್ಲಿ ಇಸ್ತ್ರಿ ಮಾಡಿದ ಹಾಸು, ಅವನು ಬಂದ ಕೂಡಲೇ ಶರಬತ್ತು, ಅವನು ಎದ್ದ ಮೇಲೆಯೇ ಉಳಿದವರು ಏಳುವುದು. ಅವನು ನೀರು ತುಂಬಿಸಿಕೊಳ್ಳಬಾರದು, ಫ್ಯಾನಿನ ಸ್ವಿಚ್ಚಿಗೂ ಯಾರಾದರೂ ಓಡಿ ಬರುತ್ತಾರೆ. ಅತ್ತೆ ಅವನ ಹೆಸರು ಹಿಡಿಯುವುದಿಲ್ಲ, ಅವನ ಜೊತೆ ನೇರ ಮಾತಾಡುವುದೂ ಇಲ್ಲ. ಹೇಳುವುದನ್ನು ಮಗಳಿಗೆ ಹೇಳುತ್ತಾರೆ, ಅದು ಅವನಿಗೆ ತಲುಪುತ್ತದೆ. ವಾರಕ್ಕೊಮ್ಮೆ ಬಂದು ಹೋಗುವ ಕಾಲದಲ್ಲಿ ಇದೆಲ್ಲ ಚಂದವಿತ್ತು. ಹಳೆಯ ಕಂಪನಿ ಒಂದು ಮೆಸೇಜಿನಲ್ಲಿ ಮುಚ್ಚಿದ ಮೇಲೆ, ಫಳ್ನೀರಿನ ತನ್ನ ಫ್ಲ್ಯಾಟಿನಲ್ಲಿ ತಾಯಿ ಮೈಮೂನಾಳ ಮುಖ ನೋಡಲಾಗದೆ ಅವನು ಹೆಚ್ಚುಕಡಿಮೆ ಇಲ್ಲೇ ಉಳಿದುಬಿಟ್ಟ. ದಿನಾ ಇರುವ ಅಳಿಯನಿಗೆ ಉಪಚಾರ ಮೆಲ್ಲಗೆ ಇಳಿಯುತ್ತದೆ ಎಂದು ಅವನು ಕಾದ. ಇಳಿಯಲಿಲ್ಲ. ಬೆಳಿಗ್ಗೆ ತೆಳು ಅಕ್ಕಿರೊಟ್ಟಿ ಪತ್ತಿರಿ, ಅದಕ್ಕೆ ಎರಡು ಬಗೆಯ ಸಾರು, ಮೊಟ್ಟೆ, ಬಾಳೆಹಣ್ಣು ಹುರಿದದ್ದು. ಒಂದು ದಿನವಾದರೂ ನಿನ್ನೆಯ ಸಾರು ಬಿಸಿಮಾಡಿ ಹಾಕಿದ್ದರೆ ಅವನು ಅತ್ತು ತಿನ್ನುತ್ತಿದ್ದ. ಯಾರೂ ಅವನನ್ನು ಕೆಲಸವಿಲ್ಲದವನ ಹಾಗೆ ನೋಡಲಿಲ್ಲ. ಹಾಗೆ ನೋಡದೆ ಇರಲು ಆ ಮನೆ ಪಡುತ್ತಿದ್ದ ಕಷ್ಟ ಮಾತ್ರ ಗೋಡೆಗೋಡೆಯಲ್ಲೂ ಕಾಣುತ್ತಿತ್ತು.

ಊಟದ ಮೇಜಿನಲ್ಲಿ ಮುಖೇಶಣ್ಣ ಆಗಲೇ ಕೂತಿದ್ದರು. ಬೈಕಂಪಾಡಿಯಲ್ಲಿ ಮಾವನ ಪ್ಲೈವುಡ್ ಗೋಡೌನಿನ ಪಕ್ಕದಲ್ಲೇ ಅವರ ಲಾರಿ ಆಫೀಸು; ಸೌಪರ್ಣಿಕಾದ ದೊಡ್ಡವರೊಬ್ಬರು ಅವರ ಹೆಂಡತಿಯ ಕಡೆಯವರು.

"ಬನ್ನಿ ಕ್ಯಾಪ್ಟನ್ರೇ. ಎಂತ, ಸಿಗ್ನಲ್ ಸಿಗ್ಲಿಲ್ವಾ ಇಳಿಲಿಕ್ಕೆ?"

"ನಂತೂರಿನಲ್ಲಿ ಸುತ್ತು ಹೊಡಿಸಿದ್ರು," ಎಂದ ಅರಾಫತ್. ತಾನು ಕ್ಯಾಪ್ಟನ್ ಅಲ್ಲ ಎಂದು ಮೊದಮೊದಲು ತಿದ್ದುತ್ತಿದ್ದ. ತಿದ್ದಿದ ಮೇಲೆ ಎದುರಿನವರ ಮುಖದಲ್ಲಿ ಒಂದು ಮರುಕ ಮೂಡುತ್ತಿತ್ತು. ಅದನ್ನು ತಡೆದುಕೊಳ್ಳುವುದಕ್ಕಿಂತ ಬಡ್ತಿ ತಡೆದುಕೊಳ್ಳುವುದು ಸುಲಭ.

ಬಿರಿಯಾನಿಯ ಪಾತ್ರೆಯ ಮುಚ್ಚಳ ಮೊದಲು ಅವನ ಎದುರು ತೆರೆಯಿತು. ಬಶೀರ್ ಹಾಜಿ ತಾವೇ ದೊಡ್ಡ ತುಂಡು ಹುಡುಕಿ ಅವನ ತಟ್ಟೆಗೆ ಹಾಕಿದರು. "ತಿನ್ನು ಮೋನೆ. ಸಂಜೆ ಸೌಪರ್ಣಿಕಾದ ಆ ಹುಡುಗಿ ಫೋನ್ ಮಾಡ್ತಾಳಲ್ಲ, ಸ್ಸ್, ಹೌದು ಹೇಳಿಬಿಡು. ಮುಖೇಶ ಎಲ್ಲ ಮಾತಾಡಿ ಆಗಿದೆ."

"ಅದೆಲ್ಲ ಸೆಟ್ಟು," ಎಂದರು ಮುಖೇಶಣ್ಣ, ಅಂಜಲ್ ಮೀನಿನ ಮುಳ್ಳು ಬಿಡಿಸುತ್ತಾ. "ನಾನು ಹೇಳಿದ್ದೇನೆ, ನಮ್ಮ ಹುಡುಗ, ಊರಿನವ, ಈ ರನ್‌ವೇ ಅವನಿಗೆ ಅಂಗಳ ಇದ್ದ ಹಾಗೆ ಅಂತ."

ಅಡುಗೆಮನೆಯ ಬಾಗಿಲಿನ ಪರದೆಯ ಬಳಿಯಿಂದ ಝುಬೈದಾ, ಮೂವತ್ತು ವರ್ಷದ ಪರಿಚಯದ ಸಲಿಗೆಯಲ್ಲಿ ಮುಖೇಶಣ್ಣನಿಗೆ ಹೇಳಿದರು: "ನಾನೇ ಕೂತಿದ್ದೆನಲ್ಲ ಅದರಲ್ಲಿ. ನೆಲ ಮುಟ್ಟಿದ್ದೇ ಗೊತ್ತಾಗ್ಲಿಲ್ಲ ಮುಖೇಶಾ. ನನ್ನ ಮಡಿಲಲ್ಲಿ ಹಲ್ವದ ಡಬ್ಬ ಇತ್ತು, ಅದು ಅಲ್ಲಾಡ್ಲಿಲ್ಲ."

"ಅದು ಕೈ ಗುಣ ಬ್ಯಾರ್ದಿಯೇ," ಎಂದರು ಮುಖೇಶಣ್ಣ ಆ ಬ್ಯಾರಿ ಮನೆಯಾಕೆಗೆ. "ಎಲ್ಲರಿಗೆ ಬರುದಿಲ್ಲ."

"ಅವನಿಗೆ ಇನ್ನೊಂದು ತುಂಡು ಹಾಕು," ಎಂದು ಝುಬೈದಾ ಮಗಳಿಗೆ ಹೇಳಿದರು. ಶಹನಾಝ್ ಬಂದು ಹಾಕಿದಳು, ಹಾಕುವಾಗ ಅವನ ಮುಖ ನೋಡಿದಳು. ತಟ್ಟೆಯಲ್ಲಿ ಅನ್ನದ ಗುಡ್ಡ ಎದ್ದಿತ್ತು. ಇದು ಹೀಗೆಯೇ ಮುಂದುವರಿಯುತ್ತದೆ ಎಂದು ಅವನಿಗೆ ಅನ್ನಿಸಿತು, ಭಯವಿಲ್ಲದೆ, ಒಂದು ಮಂಪರಿನಲ್ಲಿ: ಬೆಳಿಗ್ಗೆ ಗಂಜಿ ಹಾಕಿದ ಯೂನಿಫಾರ್ಮು, ಗುಡ್ಡ ಹತ್ತಿ ಬಲಗಡೆ ಕೂರುವುದು, ಯಾರೋ ಹಾರಿಸಿ ಯಾರೋ ಇಳಿಸುವುದು, ಗುಡ್ಡ ಇಳಿದು ಇಲ್ಲಿಗೆ ಬರುವುದು, ಯಾರೋ ಬೇಯಿಸಿ ಯಾರೋ ಬಡಿಸುವುದು, ಪ್ರತಿ ವಾರ ಹೊಸಬರೊಬ್ಬರಿಗೆ ಹಲ್ವದ ಡಬ್ಬದ ಕಥೆ. ಯಾರೂ ಕೆಟ್ಟವರಲ್ಲ. ಇಷ್ಟು ಜನ ಒಳ್ಳೆಯವರ ನಡುವೆ ಒಬ್ಬನಿಗೆ ಉಸಿರು ಸಿಕ್ಕುವುದು ಹೇಗೆ. ಮಾವ ಏನೋ ಹೇಳುತ್ತಿದ್ದರು, ಪೆಟ್ರೋಲಿನ ಸಂಗತಿ, ಏರ್‌ಪೋರ್ಟಿಗೆ ಹೋಗಿಬರಲು ಕಾರು ಇಟ್ಟುಕೋ ಎಂದು. ಅವನು ಅನ್ನವನ್ನು ಒಂದು ಬದಿಗೆ ಸರಿಸಿದ. ಆಮೇಲೆ, ಹೀಗೆ ಮಾಡಬೇಕೆಂದು ಮೊದಲೇ ಎಣಿಸದೆ, ಎದ್ದು, ಎಂಜಲು ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದ.

ಮಾವನ ಮಾತು ಅರ್ಧಕ್ಕೆ ನಿಂತಿತು. ಮುಖೇಶಣ್ಣ, ಆ ಮನೆಯ ಕ್ರಮ ಬಲ್ಲವರು, ಮೀನಿನಿಂದ ಕಣ್ಣೆತ್ತಿ ಪುನಃ ಮೀನಿನ ಮೇಲೆ ಇಟ್ಟರು. ಪರದೆ ಸರಿಸಿದಾಗ ಝುಬೈದಾ ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷವಾದರೂ ಅವನು ಈ ಅಡುಗೆಮನೆ ನೋಡಿರಲಿಲ್ಲ. ಅದು ಇಷ್ಟು ಚಿಕ್ಕದೆಂದೂ ಇಷ್ಟು ಸೆಕೆಯೆಂದೂ ಅವನಿಗೆ ಗೊತ್ತಿರಲಿಲ್ಲ. ಒಲೆಯ ಹತ್ತಿರ ಒಂದು ಸ್ಟೂಲು, ಅದರ ಮೇಲೆ ಅತ್ತೆಯ ಮಾತ್ರೆಗಳು. ಅವನು ಸಿಂಕು ಹುಡುಕಿ ತಟ್ಟೆ ಇಟ್ಟು ನಳ್ಳಿ ತಿರುಗಿಸಿದ. ನೀರು ಬೇಕಾದ್ದಕ್ಕಿಂತ ಜೋರಾಗಿ ಬಂದು ಅಂಗಿಗೆ ಹಾರಿತು.

"ಊಟ ಸರಿ ಆಗ್ಲಿಲ್ವಾ?" ಎಂದರು ಝುಬೈದಾ. ಮಗಳನ್ನು ನೋಡಿ ಹೇಳಿದ್ದಲ್ಲ, ಅವನನ್ನೇ ನೋಡಿ. ಅಳಿಯ ತಟ್ಟೆ ಎತ್ತಿದನೆಂದರೆ ಆ ಮನೆಯ ಅನ್ನಕ್ಕೆ ಏನೋ ಕುಂದು ಬಂತೆಂದೇ ಅರ್ಥ.

"ಊಟ ಒಳ್ಳೇದಿತ್ತು ಮಾಮಿ. ನಾನು ಸೌಪರ್ಣಿಕಾಕ್ಕೆ ಹೋಗುದಿಲ್ಲ."

"ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

"ಇಲ್ಲಿ ನನಗೆ ಇಳಿಸ್ಲಿಕ್ಕೆ ಬಿಡುದಿಲ್ಲ. ಈ ಗುಡ್ಡದಲ್ಲಿ ಕ್ಯಾಪ್ಟನೇ ಇಳಿಸ್ಬೇಕು. ಆ ದಿನ ಕೂಡ ಅವರೇ ಇಳಿಸಿದ್ದು. ನಾನು ಪಕ್ಕದಲ್ಲಿ ಕೂತಿದ್ದೆ."

ಝುಬೈದಾ ತಲೆಯ ಮೇಲಿನ ದುಪ್ಪಟ್ಟ ಸರಿಮಾಡಿಕೊಂಡರು. ಸಿಟ್ಟು ಬಂದರೂ ಅವರು ಮೊದಲು ಮಾಡುವ ಕೆಲಸ ಅದು. "ಹಾಗಾದ್ರೆ ನಾನು ಇಷ್ಟು ಮನೆಯಲ್ಲಿ ಹೇಳ್ಕೊಂಡು ಬಂದದ್ದು? ಈಗ ಪುನಃ ಒಂದೊಂದು ಮನೆಗೆ ಹೋಗಿ, ಅಲ್ಲ, ಅದು ಬೇರೆ ಯಾರೋ ಅಂತ ಹೇಳ್ಬೇಕಾ ನಾನು?"

"ಹೇಳುದು ಬೇಡ."

"ಬೇಡ ಅಂದ್ರೆ ಸುಳ್ಳು ನನ್ನ ತಲೆಗೆ." ಒಲೆ ಆರಿಸಿದರು. ಅದು ಆಗಲೇ ಆರಿತ್ತು. "ಪಕ್ಕದ ಮನೆಯ ರಮ್ಲಾಳ ಮಗಳ ಮದುವೆಯಲ್ಲಿ ಮೈಕಿನಲ್ಲಿ ಹೇಳಿದವಳು ನಾನು."

ಆಗಲೇ ಕಿಸೆಯೊಳಗೆ ಫೋನು ರಿಂಗಾಯಿತು. ಅವನ ಕೈಗಳಲ್ಲಿ ಸೋಪಿನ ನೊರೆ. ಶಹನಾಝ್ ಒಳಗೆ ಬಂದು, ಯಾರು ಏನೆಂದು ಕೇಳದೆ, ಅವನ ಕಿಸೆಗೆ ಕೈ ಹಾಕಿ ಟೊಪ್ಪಿಯ ಅಡಿಯಿಂದ ಫೋನು ತೆಗೆದು ಅವನ ಕಿವಿಯ ಹತ್ತಿರ ಹಿಡಿದಳು. ಸೌಪರ್ಣಿಕಾದ ಸಂಚಿತಾ, ಎಚ್‌ಆರ್‌ನವಳು, ಸಂಜೆ ಎಂದವಳು ಮೊದಲೇ ಮಾಡಿದ್ದಳು.

"ಗುಡ್ ಆಫ್ಟರ್‌ನೂನ್ ಸರ್, ಕನ್ಫರ್ಮ್ ಅಂತ ಹಾಕ್ಲಾ?"

ಪರದೆಯ ಬಳಿ ಬಶೀರ್ ಹಾಜಿ ಬಂದು ನಿಂತಿದ್ದರು, ತೊಳೆಯದ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು. ಅವರು ತಲೆಯಾಡಿಸಿದರು, ಹೌದು ಹೇಳು ಎಂದು, ಮಗುವಿಗೆ ಪದ್ಯ ನೆನಪಿಸುವ ಹಾಗೆ. ಅರಾಫತನ ಬಾಯಿಗೆ ತಟ್ಟನೆ ಹಲವು ದನಿಗಳು ಬಂದವು. ಕ್ಯಾಪ್ಟನರ ಗಡಸು ಇಂಗ್ಲಿಷು, ಫ್ಲೋಯ್ಡನ ಉಡಾಫೆ, ಇದೇ ಮಾವನ ಗಾಳಿ ಎಳೆಯುವ ಪ್ರೀತಿ. ಯಾವುದರಲ್ಲಿ ಹೇಳಿದರೂ ಸುಲಭವಿತ್ತು.

"ಇಲ್ಲ ಮೇಡಂ. ನಾನು ಬರುದಿಲ್ಲ. ಥ್ಯಾಂಕ್ಸ್."

ಅವಳು ಓಕೆ ಸರ್ ಎಂದಳು, ಅಷ್ಟೇ. ಮುಂದಿನ ಹೆಸರಿಗೆ ಹೋಗುವವರ ಚುರುಕಿನಲ್ಲಿ. ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಇಷ್ಟು ಬೇಗ ಎದ್ದು ಹೋದದ್ದಕ್ಕೆ ಅವನಿಗೆ ಸಣ್ಣ ಅವಮಾನವೇ ಆಯಿತು.

"ಮುಖೇಶನಿಗೆ ನಾನು ಎಂತ ಹೇಳ್ಲಿ?" ಎಂದರು ಬಶೀರ್ ಹಾಜಿ. ಮಗನೇ ಎಂಬ ಆ ಮೋನೆ ಈ ಸಲ ಬರಲಿಲ್ಲ. ಹೆಂಡತಿಯ ಮುಖ ನೋಡಿದರು, ಅವರು ಎತ್ತಲೋ ನೋಡುತ್ತಿದ್ದರು. "ಅವನ ಹೆಂಡತಿಯ ಮನೆಯವರ ಹತ್ತಿರ ಅವನಿಗೆ ಬೆಲೆ ಇರ್ತದಾ ಇನ್ನು?" ತಮ್ಮ ಅಳಿಯನ ಮಾನಕ್ಕಿಂತ ಇನ್ನೊಂದು ಮನೆಯ ಅಳಿಯನಾದ ಮುಖೇಶಣ್ಣನ ಮಾನ ಅವರಿಗೆ ಈ ಹೊತ್ತಿನಲ್ಲಿ ದೊಡ್ಡದಾಗಿತ್ತು. ಅವರು ತಿರುಗಿ ಹೋದರು. ಮೇಜಿನ ಕಡೆಯಿಂದ ಮುಖೇಶಣ್ಣನ ದನಿ ಕೇಳಿಸಿತು: "ಇರ್ಲಿ ಹಾಜಿಯೇ, ಮಕ್ಕಳು ಈಗ ನಮ್ಮ ಮಾತಿನಲ್ಲಿ ಉಂಟಾ? ಆ ಉಪ್ಪಿನಕಾಯಿ ಈಚೆ ಕೊಡಿ."

ಅರಾಫತ್ ನೊರೆಯ ಕೈ ಅಂಗಿಗೆ ಒರೆಸಿ, ಶಹನಾಝಳಿಂದ ಫೋನು ತೆಗೆದುಕೊಂಡು, ಹಿಂಬಾಗಿಲಿನಿಂದ ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಮೆಟ್ಟಿಲಲ್ಲಿ ಕೂತ. ಆದದ್ದು ಸಂತೋಷವೋ ಹೆದರಿಕೆಯೋ ಗೊತ್ತಾಗಲಿಲ್ಲ. ಎರಡಕ್ಕೂ ಶಕ್ತಿ ಉಳಿದಿರಲಿಲ್ಲ. ಮೇಲೆ ಎಲ್ಲೋ ಒಂದು ವಿಮಾನ ಸದ್ದು ಮಾಡಿಕೊಂಡು ಬಜ್ಪೆಯ ಏರ್‌ಪೋರ್ಟಿನ ಕಡೆ ಇಳಿಯುತ್ತಿತ್ತು. ಅವನು ಕತ್ತೆತ್ತಲಿಲ್ಲ. ಫ್ಲೋಯ್ಡನ ನಂಬರು ಒತ್ತಿದ. ಶಹನಾಝ್ ಟವೆಲು ಹಿಡಿದುಕೊಂಡು ಹಿಂದೆ ಬಂದು ಮೇಲಿನ ಮೆಟ್ಟಿಲಲ್ಲಿ ನಿಂತದ್ದು ಅವನಿಗೆ ಗೊತ್ತಾಯಿತು. ಅದೂ ಒಂದು ಬಲವೆಂದೇ ಎಣಿಸಿದ.

"ಫ್ಲೋಯ್ಡ್, ನಾನು ಬರ್ತೇನೆ."

"ಅಬ್ಬಾ, ಕಡೆಗೂ. ನಿನ್ನ ಹೆಸರು ಅಳಿಸಿ ಬರೆದು ಅಳಿಸಿ ಬರೆದು ಬೋರ್ಡ್ ತೂತಾಯ್ತು ಮಾರಾಯ. ಸರಿ, ಇಲ್ಲಿ ಕ್ವಾರ್ಟರ್ಸಿನವ ನನ್ನ ಎದುರೇ ಇದ್ದಾನೆ, ಈಗ ಹೇಳಿದ್ರೆ ಈಗ ಬರೆಸ್ತೇನೆ. ಫ್ಯಾಮಿಲಿದಾ, ಒಬ್ಬರದ್ದಾ?"

"ಫ್ಯಾಮಿಲಿದು," ಎಂದ ಅರಾಫತ್, ಒಂದು ಕ್ಷಣವೂ ತಡೆಯದೆ. ಇಷ್ಟು ಸಲೀಸಾಗಿ, ಇಷ್ಟು ಯಜಮಾನಿಕೆಯಲ್ಲಿ ಅವನು ಎಂದೂ ಏನನ್ನೂ ಹೇಳಿರಲಿಲ್ಲ.

"ನನ್ನನ್ನು ಯಾವಾಗ ಕೇಳಿದ್ದಿ?" ಎಂದಳು ಶಹನಾಝ್ ಮೇಲಿನಿಂದ.

ಅವನು ತಿರುಗಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಿನವಿಡೀ ಬೇರೆಯವರ ಭಾರ ಎತ್ತಿದವರ ಬಳಲಿಕೆ ಇತ್ತು. ಕೇಳಿದ್ದೆ ಎಂದು ಹೇಳಲು ಬಾಯಿ ತೆರೆದು, ಎಲ್ಲಿ, ಯಾವಾಗ ಎಂದು ಹುಡುಕಿದ. ಈ ಒಂದು ತಿಂಗಳಲ್ಲಿ ಅವಳಿಗೆ ಅವನು ಎಲ್ಲರ ಅಭಿಪ್ರಾಯವನ್ನೂ ಅವರವರ ದನಿಯಲ್ಲೇ ಹೇಳಿದ್ದ, ಅವಳು ನಕ್ಕಿದ್ದಳು, ನಗುವುದನ್ನು ನಿಲ್ಲಿಸಿದ್ದಳು, ನೀನು ಎಂತ ಹೇಳ್ತಿ ಎಂದು ಎಷ್ಟೋ ಸಲ ಕೇಳಿದ್ದಳು. ಆ ಪ್ರಶ್ನೆಯನ್ನು ಒಮ್ಮೆಯೂ ಅವಳಿಗೆ ತಿರುಗಿಸಬೇಕೆಂದು ಅವನಿಗೆ ತೋಚಿರಲಿಲ್ಲ. ಮೇಲಿನ ಮಾಳಿಗೆ ಎಂದು ಏನೋ ಹೇಳಿದ್ದಳು ಇವತ್ತು. ಯಾವ ಮಾಳಿಗೆ, ಯಾರದು.

"ಬರ್ತಿಯಾ?" ಎಂದ, ಫೋನನ್ನು ಎದೆಗೆ ಒತ್ತಿ ಹಿಡಿದು.

"ಈಗ ಕೇಳಿದ್ರೆ ಈಗ್ಲೇ ಹೇಳ್ಬೇಕಾ? ನಿನಗೆ ಯೋಚನೆ ಮಾಡ್ಲಿಕ್ಕೆ ಒಂದು ತಿಂಗಳು ಕೊಟ್ಟಿದ್ರು."

"ಹಲೋ, ಲೈನಿನಲ್ಲಿದ್ದಿಯಾ?" ಎಂದು ಅವನ ಎದೆಯೊಳಗಿನಿಂದ ಎಂಬಂತೆ ಫ್ಲೋಯ್ಡ್ ಕೇಳುತ್ತಿದ್ದ.

ಶಹನಾಝ್ ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವನ ಪಕ್ಕದಲ್ಲಿಟ್ಟಳು. "ಒಬ್ಬರದ್ದು ಅಂತ ಹೇಳು. ನೀನು ಹೋಗು. ನಾನು ಯೋಚನೆ ಮಾಡ್ತೇನೆ."

"ಒಬ್ಬರದ್ದು," ಎಂದ ಅವನು ಫೋನಿಗೆ.

"ಒಳ್ಳೇದೇ ಆಯ್ತು ಬಿಡು. ಫ್ಯಾಮಿಲಿದು ಸದ್ಯ ಖಾಲಿ ಕೂಡ ಇಲ್ಲ. ಒಬ್ಬರ ರೂಮಿಗೆ ಕಿಟಕಿ ದೊಡ್ಡದುಂಟು, ನದಿ ಕಾಣ್ತದೆ." ಫ್ಲೋಯ್ಡ್ ಇನ್ನೂ ಏನೇನೋ ಹೇಳುತ್ತಿದ್ದ, ಹಾಸಿಗೆ ತರಬೇಕೆಂದು, ಅಲ್ಲಿಯ ಅಕ್ಕಿ ಬೇರೆಯೆಂದು. ಅರಾಫತ್ ಹ್ಞೂಂಗುಟ್ಟುತ್ತಾ ಅಡುಗೆಮನೆಯ ಒಳಗೆ ನೋಡಿದ. ಆಗಲೇ ಒಳಗೆ ಹೋಗಿದ್ದ ಶಹನಾಝ್ ಎರಡು ತಟ್ಟೆ ಒರೆಸಿ, ಒಂದನ್ನು ಸ್ಟೂಲಿನ ಮೇಲೆ ತನ್ನ ಉಮ್ಮ ಝುಬೈದಾರ ಎದುರಿಗೂ ಇನ್ನೊಂದನ್ನು ಕೆಳಗೆ ನೆಲದ ಮೇಲೂ ಇಟ್ಟು, ಪಾತ್ರೆಯ ತಳ ಕೆರೆಯುತ್ತಿದ್ದಳು. ಅವಳಿನ್ನೂ ಉಂಡಿರಲಿಲ್ಲ.